ಅಕ್ಕ ಮೊದಲೇ ನೋಡಿ ಬಂದಿದ್ದ ಜಾಗ

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ‘ಕಣ್ಣಾರೆ ಕಂಡೆ’ ಎಂದವರಿಗೆ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ ನಕ್ಕದ್ದೂ ಉಂಟು. ಅಂಥದ್ದನ್ನೆಲ್ಲ ಈಗ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನನ್ನು ಕರೆದುಕೊಂಡು ಹೋದ ಒಂದು ಪ್ರವಾಸದಲ್ಲಿ ಏನು ನಡೆಯಿತೋ ಅದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ನೀವೂ ನಗಬಹುದು. ನನಗೇನೂ ಬೇಸರವಿಲ್ಲ.

ಶಾರದಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಹಾಸನದ ಕಡೆ ಬಸ್ ಕಂಡಕ್ಟರ್ ಆಗಿದ್ದಳು. ಇಡೀ ದಿನ ನಿಂತೇ ಕೆಲಸ ಮಾಡಿ, ಇಳಿದ ಮೇಲೆ ಮತ್ತೆ ಮೈಲಿಗಟ್ಟಲೆ ನಡೆಯುವ ಹೆಂಗಸು. ಅಂಥವಳಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಬಂತು. ಕೆಲಸ ಬಿಟ್ಟು ರಾಮನಗರದ ನಮ್ಮ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಮಂಚ, ಪಕ್ಕದಲ್ಲಿ ಗುರುಗುಟ್ಟುವ ಆಕ್ಸಿಜನ್ ಮಿಷನ್, ಮೂಗಿಗೆ ಅದರ ಕೊಳವೆ. ಬಚ್ಚಲಿಗೆ ಹೋಗಬೇಕಾದರೂ ನನ್ನ ಹೆಂಡತಿ ಮಂಜುಳ ಕೈ ಹಿಡಿಯಬೇಕಿತ್ತು. ನಾಲ್ಕು ಹೆಜ್ಜೆಗೆ ತುಟಿ ನೀಲಿಯಾಗುತ್ತಿತ್ತು.

“ಒಂದ್ಸಲ ಹೊರಗಡೆ ಮಲಗ್ಬೇಕು ಕಣೋ,” ಎಂದಳು ಒಂದು ದಿನ. “ಈ ಗೋಡೆ ನೋಡಿ ನೋಡಿ ಸಾಕಾಗೋಯ್ತು.”

ಡಾಕ್ಟರನ್ನು ಕೇಳಿದೆ. ಅವರು ನನ್ನನ್ನು ಹೊರಗೆ ಕರೆದು, ಕರೆದುಕೊಂಡು ಹೋಗುವುದಾದರೆ ಈಗಲೇ ಹೋಗಿ, ಆದರೆ ಆಸ್ಪತ್ರೆಯಿಂದ ಬಹಳ ದೂರ ಬೇಡ ಎಂದರು. ಆ ‘ಈಗಲೇ’ ಎಂಬ ಮಾತಿನ ಅರ್ಥ ನನಗೆ ಆಯಿತು. ನನ್ನದು ಗಾಡಿಗಳಿಗೆ ಬಾಡಿ ಕಟ್ಟುವ ಸಣ್ಣ ಶೆಡ್ಡು. ಒಂದು ಹಳೆಯ ಸ್ಕೂಲ್ ವ್ಯಾನ್ ತಂದು, ಸೀಟು ಕಿತ್ತು, ಅಕ್ಕನಿಗೆ ಕಿಟಕಿಯ ಪಕ್ಕ ಮಂಚ, ನಮ್ಮಿಬ್ಬರಿಗೆ ಎದುರಿನ ಹಲಗೆ, ಹಿಂದೆ ಒಲೆ, ಗಾಲಿಕುರ್ಚಿ ಹತ್ತಿಳಿಯಲು ಇಳಿಜಾರು ತಗಡು, ಎಲ್ಲ ಕೂರಿಸಿದೆ.

ವ್ಯಾನು ಕಟ್ಟಿದ್ದು ಸುಲಭ. ಅದನ್ನು ನಿಲ್ಲಿಸುವ ಜಾಗ ಹುಡುಕುವುದು ಕಷ್ಟವಾಯಿತು. ನೆಲ ಸಮತಟ್ಟಾಗಿರಬೇಕು, ನೆರಳು ಬೇಕು, ಹತ್ತಿರ ನೀರು ಮತ್ತು ಶೌಚಾಲಯ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ರಾತ್ರಿಯಿಡೀ ಕರೆಂಟ್ ಬೇಕು. ವ್ಯಾನಿನ ಬ್ಯಾಟರಿ ಮಿಷನ್ನನ್ನು ಸ್ವಲ್ಪ ಹೊತ್ತು ನಡೆಸುತ್ತಿತ್ತು ಅಷ್ಟೆ. ಭಾನುವಾರ ಬಂದರೆ ಬೈಕ್ ಹತ್ತಿ ಹುಡುಕುತ್ತಿದ್ದೆ. ಪಾರ್ಕುಗಳ ಗೇಟು ಸಂಜೆಗೆ ಮುಚ್ಚುತ್ತಿತ್ತು. ಕಾಡಿನ ಅಂಚಿನಲ್ಲಿ ರಾತ್ರಿ ಉಳಿಯಲು ಬಿಡುತ್ತಿರಲಿಲ್ಲ. ರೆಸಾರ್ಟಿನವರು ರೂಮು ಹಿಡಿಯಿರಿ, ವ್ಯಾನು ಬೇಡ ಎಂದರು. ಕೊನೆಗೆ ಎರಡು ಜಾಗ ಸಿಕ್ಕವು. ಮಾಗಡಿಯ ಆಚೆ ತಿಪ್ಪಸಂದ್ರದ ಹತ್ತಿರ ಒಬ್ಬ ರೈತರ ಮಾವಿನ ತೋಪು, ಕನಕಪುರದ ಕಡೆ ಟೆಂಟು ಹಾಕಿ ಬಾಡಿಗೆಗೆ ಕೊಡುವ ಒಂದು ಕ್ಯಾಂಪು.

ಫೋಟೋ ತೋರಿಸಿದಾಗ ಅಕ್ಕ ಎರಡಕ್ಕೂ ಆಗಲಿ ಎಂದು ತಲೆಯಾಡಿಸಿದಳು. ಆಮೇಲೆ, “ಹೊಂಗನೂರು ದಾಟಿ ಕೆರೆ ಏರಿ ಪಕ್ಕ ಒಂದು ರೇಷ್ಮೆ ಹುಳು ಮನೆ ಐತೆ. ಅದರ ಹಿಂದೆ ತೆಂಗಿನ ತೋಟ. ಕೊನೆಗೆ ಅಲ್ಲಿಗೆ ಹೋಗೋಣ,” ಎಂದಳು.

“ನಿಂಗೆ ಹೆಂಗ್ ಗೊತ್ತು?” ಎಂದೆ.

“ಚೆನ್ನಾಗೈತೆ ಕಣೋ, ಹೋಗೋಣ,” ಎಂದು ಕಣ್ಣು ಮುಚ್ಚಿದಳು. ಫೋನಿನಲ್ಲಿ ಎಲ್ಲೋ ನೋಡಿರಬೇಕು ಅಂದುಕೊಂಡೆ. ನೋಡಿ ಬರಲು ಪುರುಸೊತ್ತಾಗಲಿಲ್ಲ. ಅಲ್ಲಿ ಅನುಕೂಲವಿಲ್ಲದಿದ್ದರೆ ರಾಮನಗರ ಹತ್ತಿರವೇ ಇದೆ, ಮನೆಗೆ ಬಂದರಾಯಿತು ಎಂಬ ಲೆಕ್ಕ ನನ್ನದು.

ಯುಗಾದಿ ಕಳೆದ ಮೇಲೆ ಹೊರಟೆವು. ತಿಪ್ಪಸಂದ್ರದ ತೋಪಿನಲ್ಲಿ ಕಾಯಿ ತೂಗುತ್ತಿದ್ದವು. ತೋಪಿನ ರೈತರ ಹೆಂಡತಿ ಜಯಮ್ಮ ಬಿಂದಿಗೆಯಲ್ಲಿ ನೀರು ತಂದು, ಗಾಲಿಕುರ್ಚಿಯಲ್ಲಿದ್ದ ಅಕ್ಕನನ್ನು ನೋಡಿ ನಿಂತುಬಿಟ್ಟರು.

“ಯಾಕಕ್ಕಾ, ಏನಾಯ್ತು? ಅವತ್ತು ಚೆನ್ನಾಗಿ ನಡ್ಕಂಡು ಬಂದಿದ್ರಲ್ಲ.”

ನಾನು ನಕ್ಕು, ಇವರು ಇಲ್ಲಿಗೆ ಬಂದವರೇ ಅಲ್ಲ, ಬೇರೆ ಯಾರೋ ಇರಬೇಕು ಎಂದೆ. ಜಯಮ್ಮ ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಅಕ್ಕ ನೀರಿಗೆ ಕೈ ಚಾಚಿದಳು. ಮಾತು ಅಲ್ಲಿಗೆ ನಿಂತಿತು. ಆ ಹೊತ್ತಿಗೆ ನನಗದು ದೊಡ್ಡದೆನಿಸಲಿಲ್ಲ. ಒಬ್ಬರಂತೆ ಇನ್ನೊಬ್ಬರು ಇರುವುದಿಲ್ಲವೇ?

ಕನಕಪುರದ ಕ್ಯಾಂಪಿನಲ್ಲಿ ಅಂಥದ್ದೇನೂ ಆಗಲಿಲ್ಲ. ಅಲ್ಲಿ ಅಕ್ಕನನ್ನು ಯಾರೂ ಗುರುತಿಸಲಿಲ್ಲ. ಸಂಜೆ ಜೋರು ಮಳೆ ಬಂತು, ಪಕ್ಕದ ಟೆಂಟಿನವರು ಹಾಡು ಹಾಕಿ ಕಿರುಚಾಡಿದರು, ಒಲೆ ಹೊತ್ತಲಿಲ್ಲ. ಮಂಜುಳ ಕೊಟ್ಟ ಬ್ರೆಡ್ಡನ್ನು ಅಕ್ಕ ಹಾಲಿನಲ್ಲಿ ಅದ್ದಿ ತಿಂದಳು. ಮರುದಿನ ಬೆಳಿಗ್ಗೆ ಅವಳ ಪಾದ ಊದಿಕೊಂಡಿತ್ತು. ಮನೆಗೆ ಹೋಗೋಣವೇ ಎಂದು ಮಂಜುಳ ಕೇಳಿದಳು. ಅಕ್ಕ ಬೇಡವೆಂದು ತಲೆಯಾಡಿಸಿ, “ಇನ್ನೊಂದೇ ಜಾಗ,” ಎಂದಳು.

ಚನ್ನಪಟ್ಟಣಕ್ಕೆ ಬಂದು ಹೊಂಗನೂರಿನ ದಾರಿ ಹಿಡಿದಾಗ ಹೊತ್ತು ಇಳಿಯುತ್ತಿತ್ತು. ಊರು ದಾಟಿದ ಮೇಲೆ ನಾನು ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ಅಕ್ಕ ಮಲಗಿದ್ದಲ್ಲಿಂದಲೇ ಎಡಕ್ಕೆ, ನೇರ ಎಂದು ಹೇಳುತ್ತಾ ಬಂದಳು. ಅವಳ ತಲೆ ಕಿಟಕಿಯ ಮಟ್ಟಕ್ಕೂ ಇರಲಿಲ್ಲ. ಕೆರೆ ಏರಿ ಕಂಡಿತು. ಅದರ ಪಕ್ಕ ಉದ್ದನೆಯ ಹುಳು ಮನೆ, ಗೋಡೆಗೆ ಒರಗಿಸಿದ್ದ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಹಿಂದೆ ತೆಂಗು. ನಾನು ಬ್ರೇಕ್ ಒತ್ತುವ ಮೊದಲೇ ವಯಸ್ಸಾದ ಒಬ್ಬರು ಟವೆಲ್ ಬೀಸಿ ಒಳಗೆ ಬನ್ನಿ ಎಂದು ಕರೆದರು. ಅವರ ಹೆಸರು ಸಿದ್ದೇಗೌಡರು ಎಂದು ಆಮೇಲೆ ಗೊತ್ತಾಯಿತು.

“ಬನ್ನಿ ತಾಯಿ,” ಎಂದರು ಅವರು ಕಿಟಕಿಯ ಹತ್ತಿರ ಬಂದು. “ನೀವು ಯೋಳಿದಂಗೇ ಜಾಗ ಗುಡಿಸಿಕ್ಕಿವ್ನಿ. ಉಸ್ರಾಡೋ ಮಿಷನ್ನಿಗೆ ಕರೆಂಟ್ ಬೇಕು ಅಂದ್ರಲ್ಲ, ನೋಡಿ, ವೈರು ಎಳ್ಸಿವ್ನಿ.”

ತೆಂಗಿನ ಮರಗಳ ನಡುವೆ ವ್ಯಾನಿನ ಅಳತೆಗೆ ಸರಿಯಾಗಿ ನೆಲ ಸವರಿ ನೀರು ಚಿಮುಕಿಸಿದ್ದರು. ಹುಳು ಮನೆಯಿಂದ ಹೊಸ ವೈರು ಬಂದಿತ್ತು. ಒಂದು ಕಲ್ಲುಕಂಬಕ್ಕೆ ಪ್ಲಗ್ಗಿನ ಬೋರ್ಡು ಕಟ್ಟಿತ್ತು. ಅದಕ್ಕೆ ಮಳೆ ಬೀಳದಂತೆ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಕವುಚಿದ್ದರು. ಮಂಜುಳ ನನ್ನ ತೋಳು ಹಿಡಿದುಕೊಂಡಳು.

ನಾನು ಸಿದ್ದೇಗೌಡರನ್ನು ಪಕ್ಕಕ್ಕೆ ಕರೆದು, ನಿಮಗೆ ಫೋನ್ ಮಾಡಿದ್ದು ಯಾರು ಎಂದು ಕೇಳಿದೆ.

“ಫೋನ್ ಎಲ್ಲಿ ಸಾ, ಅವರೇ ಬಂದಿದ್ರು. ಏರಿ ಮ್ಯಾಲೆ ಚಪ್ಪಲಿ ಕೈಲಿ ಹಿಡ್ಕಂಡು ನಡ್ಕಂಡು ಬಂದ್ರು. ಒಸಿ ಹೊತ್ತು ಹುಳು ಮನೆ ಬಾಗ್ಲಲ್ಲಿ ನಿಂತಿದ್ರು. ಹುಳಕ್ಕೆ ರೋಗ ಬತ್ತದೆ, ಹೊರಗ್ನೋರ್ನ ಒಳೀಕೆ ಬುಡಾಕಿಲ್ಲ ಅಂದೆ, ಬ್ಯಾಡ ಬುಡಿ ಅಂದ್ರು.”

“ಯಾವತ್ತು?”

“ಶಿವರಾತ್ರಿ ಮಾರನೇ ದಿನ. ನಾವೆಲ್ಲ ಜಾಗರಣೆ ಮಾಡಿ ತೂಕಡುಸ್ತಿದ್ದೋ.”

ಶಿವರಾತ್ರಿಯ ಮಾರನೆಯ ದಿನ ಅಕ್ಕ ಎಲ್ಲಿದ್ದಳು ಎಂದು ನಾನು ಯೋಚಿಸಬೇಕಾಗಿರಲಿಲ್ಲ. ಹಬ್ಬದ ದಿನವೇ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಮರುದಿನವೆಲ್ಲ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಎಚ್ಚರವಿಲ್ಲದೆ ಮಲಗಿದ್ದಳು. ಮಂಜುಳ ಪಕ್ಕದಿಂದ ಕದಲಿರಲಿಲ್ಲ. ನಾನು ಬಾಗಿಲ ಹೊರಗೆ ಕೂತಿದ್ದೆ.

“ಇನ್ನೇನಂದ್ರು?” ಎಂದು ಕೇಳಿದೆ.

“ಒಂದ್ ರಾತ್ರಿ ಸಾಕು ಅಂದ್ರು. ಬೆಳಿಗ್ಗೆ ನಮ್ಮೋರು ಹೊಂಟೋಯ್ತಾರೆ ಅಂದ್ರು.”

‘ನಮ್ಮೋರು ಹೊಂಟೋಯ್ತಾರೆ.’ ‘ನಾವು’ ಎಂದಿರಲಿಲ್ಲ. ಆ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ವ್ಯಾನಿಗೆ ಹಿಂತಿರುಗಿ ಅಕ್ಕನ ಮಂಚದ ಅಂಚಿನಲ್ಲಿ ಕೂತೆ. ಬಾಗಿಲು ಪೂರ್ತಿ ತೆಗೆದಿಟ್ಟಿದ್ದೆವು. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು.

“ಅಕ್ಕಾ, ನೀನು ಇಲ್ಲಿಗೆ ಬಂದಿದ್ಯಾ?”

“ಮಂಚದಿಂದ ಇಳಿಯೋಕಾಗದೋಳು ಎಲ್ಲಿಗೆ ಬರ್ಲೋ,” ಎಂದಳು. ಉಸಿರಿಗಾಗಿ ತಡೆದು, ಮತ್ತೆ ಹೇಳಿದಳು. “ಆವಾಗಾವಾಗ ಬಸ್ ಇಳಿದು ನಡೆಯೋ ಹಂಗೆ ಕನಸು ಬೀಳ್ತಿತ್ತು. ಎಲ್ಲೆಲ್ಲೋ ಹೋಗ್ತಿದ್ದೆ. ಎದ್ದ ಮೇಲೆ ಅರ್ಧ ಮರ್ತೋಗೋದು. ಜಾಸ್ತಿ ಕೇಳಬೇಡ, ನಂಗೂ ಹೆದ್ರಿಕೆ ಆಗುತ್ತೆ.”

ನಾನು ಕೇಳಲಿಲ್ಲ. ಮಂಜುಳ ಮೊಸರನ್ನ ಕಲಸಿ ಕೊಟ್ಟಳು. ಅಕ್ಕ ಅದನ್ನು ಪೂರ್ತಿ ಉಂಡಳು. ತಿಂಗಳುಗಳಿಂದ ಅವಳು ತಟ್ಟೆ ಖಾಲಿ ಮಾಡಿದ್ದನ್ನು ನಾವು ನೋಡಿರಲಿಲ್ಲ. ಬಾಗಿಲು ಮುಚ್ಚಬೇಡಿ ಎಂದು ಹೇಳಿ ಕೆರೆಯ ಕಡೆ ತಿರುಗಿ ಮಲಗಿದಳು.

ಕೋಳಿ ಕೂಗುವ ಹೊತ್ತಿಗೆ ಮಂಜುಳ ನನ್ನ ಭುಜ ಅಲ್ಲಾಡಿಸಿದಳು. ಮಿಷನ್ ಓಡುತ್ತಲೇ ಇತ್ತು. ಕರೆಂಟ್ ಹೋಗಿರಲಿಲ್ಲ, ಕೊಳವೆ ಜಾರಿರಲಿಲ್ಲ. ಅಕ್ಕ ಮಾತ್ರ ಇರಲಿಲ್ಲ. ಮುಖ ಕೆರೆಯ ಕಡೆಗೇ ಇತ್ತು. ಒಂದು ಕೈ ಹಾಸಿಗೆಯಿಂದ ಹೊರಗೆ ಚಾಚಿಕೊಂಡಿತ್ತು.

ಸಿದ್ದೇಗೌಡರು ಬಂದು ನೋಡಿದರು. ಒಳಗೆ ಹೋಗಿ ಒಂದು ಬಿಳಿ ಪಂಚೆ ತಂದು ಅವಳ ಮೇಲೆ ಹೊದಿಸಿದರು. ಮಿಷನ್ನಿನ ಪ್ಲಗ್ ಕಿತ್ತವರೂ ಅವರೇ. ನನಗೆ ಅದು ಆಗಲಿಲ್ಲ. ಹೊತ್ತು ಏರುವ ಮೊದಲೇ ಅವಳನ್ನು ಅದೇ ವ್ಯಾನಿನಲ್ಲಿ ರಾಮನಗರಕ್ಕೆ ತಂದೆವು.

ಕಾಯಿಲೆಯ ಕೊನೆ ಅದೇ ಎಂದು ನಮಗೆ ಗೊತ್ತಿತ್ತು. ಅವಳು ಸತ್ತದ್ದರಲ್ಲಿ ವಿಚಿತ್ರವೇನೂ ಇಲ್ಲ ಎಂದು ಡಾಕ್ಟರ್ ಹೇಳಿದರು, ನಾನೂ ಒಪ್ಪುತ್ತೇನೆ. ಆದರೆ ಉಳಿದದ್ದು? ಅವಳ ಫೋನನ್ನು ತಿಂಗಳುಗಟ್ಟಲೆ ಹಿಂದಕ್ಕೆ ಹುಡುಕಿದೆ. ಹೊಂಗನೂರಿನ ಕಡೆಗೆ ಒಂದು ಕರೆಯೂ ಇರಲಿಲ್ಲ. ತಾನು ಯಾರಿಗೂ ಹೇಳಿಲ್ಲವೆಂದು ಮಂಜುಳ ದೇವರ ಮೇಲೆ ಆಣೆ ಇಟ್ಟಳು. ಕೆಲಸದಲ್ಲಿದ್ದಾಗಲೂ ಅಕ್ಕ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದವಳಲ್ಲ. ಅವಳಂತೆಯೇ ಇದ್ದ ಇನ್ನೊಬ್ಬಳು, ಅದೇ ಕಾಯಿಲೆಯ ಮಿಷನ್ನಿಗೆ ಪ್ಲಗ್ ಕೇಳಿಕೊಂಡು ಬಂದಿದ್ದಳು ಎಂದು ನಂಬುವುದಕ್ಕೆ ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

ತಿಥಿಯೆಲ್ಲ ಮುಗಿದ ಮೇಲೆ ಪಂಚೆ ಹಿಂತಿರುಗಿಸುವ ನೆಪದಲ್ಲಿ ಒಬ್ಬನೇ ಅಲ್ಲಿಗೆ ಹೋದೆ. ಸಿದ್ದೇಗೌಡರು ರೇಷ್ಮೆ ಗೂಡು ಮಾರಲು ಮಾರ್ಕೆಟ್ಟಿಗೆ ಹೋಗಿದ್ದರು. ಅವರ ಹೆಂಡತಿ ಜಗಲಿಯಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಕೇಳಬೇಕೆಂದುಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಮರೆತುಹೋದವು. ಒಂದೇ ಒಂದು ಕೇಳಿದೆ.

“ಅವತ್ತು ನಡ್ಕೊಂಡು ಬಂದಾಗ ನಮ್ಮಕ್ಕಂಗೆ ಏದುಸಿರು ಇತ್ತೇನಮ್ಮಾ?”

ಆಕೆ ಕತ್ತಿ ಕೆಳಗಿಟ್ಟು ನೆನಪು ಮಾಡಿಕೊಂಡರು.

“ಇಲ್ಲ ಕನಪ್ಪಾ. ಬಿಸ್ಲಲ್ಲಿ ಅಷ್ಟುದ್ದ ಏರಿ ನಡ್ಕ ಬಂದಿದ್ರೂವೆ ಒಸಿನೂ ದಣಿವಿರ್ನಿಲ್ಲ. ನಗ್ನಗ್ತಾ ಮಾತಾಡುದ್ರು.”

ಪಂಚೆಯನ್ನು ಜಗಲಿಯ ಮೇಲೆ ಇಟ್ಟೆ. ಕಾಫಿ ಕುಡಿದು ಹೋಗಪ್ಪ ಎಂದರು. ಬೇಡಮ್ಮ ಎಂದು ಹೇಳಿ ಬೈಕ್ ಹತ್ತಿದೆ. ಏರಿಯ ಮೇಲೆ ಬಂದಾಗ ಗಾಡಿ ನಿಲ್ಲಿಸಿ ಬಹಳ ಹೊತ್ತು ಅಳುತ್ತಾ ಕೂತಿದ್ದೆ. ಅದು ದುಃಖವೋ ಸಮಾಧಾನವೋ ನನಗೆ ಇವತ್ತಿಗೂ ತಿಳಿದಿಲ್ಲ.