ಎಂಬತ್ತೆಂಟು, ಫಸ್ಟ್ ಕ್ಲಾಸ್

ನರ್ಸಮ್ಮನ ಅಂಗೈಗಳು ಯಾವ ಕಾಲದಲ್ಲೂ ಬೆಚ್ಚಗಿರುತ್ತಿದ್ದವು. ಯಾರ ಬೆರಳಿಗಾದರೂ ಆಕ್ಸಿಮೀಟರ್ ಸಿಕ್ಕಿಸುವ ಮುಂಚೆ ಆ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು ಚೆನ್ನಾಗಿ ಉಜ್ಜುತ್ತಿದ್ದರು. ತಣ್ಣಗಿರುವ ಬೆರಳು ಸುಳ್ಳು ಹೇಳುತ್ತದೆ ಎನ್ನುವುದು ಅವರ ನಂಬಿಕೆ. ಅಂಕಿ ಬಂದ ತಕ್ಷಣ ಓದಲೂ ಬಿಡುತ್ತಿರಲಿಲ್ಲ. "ಕುಣಿಯೋದು ನಿಲ್ಲಲಿ, ತಡಿಯಮ್ಮ" ಎನ್ನುತ್ತಿದ್ದರು. ಉಗುರಿಗೆ ಬಣ್ಣ ಹಚ್ಚಿಕೊಂಡ ಹುಡುಗಿಯರನ್ನು ಬೈದು, ಅಳಿಸಿಕೊಂಡು ಬರಲು ಮನೆಗೆ ಅಟ್ಟುತ್ತಿದ್ದರು.

ಚಿಂತಾಮಣಿಯಲ್ಲಿ ನಮ್ಮ ಎದುರು ಮನೆಯೇ ಅವರದು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ಬೀದಿ ಅವರಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಮನೆಮಾತು ತೆಲುಗು, ನಮ್ಮೊಡನೆ ಕನ್ನಡ. ಗಾಬರಿಯಾದರೆ ಮಾತ್ರ ನಮ್ಮ ಮುಂದೆಯೂ ತೆಲುಗು ಬಂದುಬಿಡುತ್ತಿತ್ತು.

ನನ್ನ ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಅಂಕ ಕೊಡುವುದರಲ್ಲಿ ಮಹಾ ಜಿಪುಣರು. ಅವರ ಕೈಯಲ್ಲಿ ಅರವತ್ತು ತೆಗೆದ ಹುಡುಗ ಅದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕೊರೊನಾದ ಎರಡನೇ ಅಲೆಯಲ್ಲಿ ಅವರಿಗೂ ಅಂಟಿಕೊಂಡಿತು. ಮೊದಲೆರಡು ದಿನ ನರ್ಸಮ್ಮ ತಾವೇ ಬಂದು ನೋಡಿದರು. ಆಮೇಲೆ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಮಲಗಿದ್ದರಿಂದ, ಒಂದು ಆಕ್ಸಿಮೀಟರನ್ನು ನಮ್ಮಲ್ಲೇ ಬಿಟ್ಟು, ಬೆಳಿಗ್ಗೆ ಸಂಜೆ ಅಂಕಿಯನ್ನು ಜಗುಲಿಯಿಂದಲೇ ಕೂಗಿ ಹೇಳಿ ಎಂದು ಹೋದರು.

ಮೂರನೆಯ ಬೆಳಿಗ್ಗೆ ಅಪ್ಪ ಬೆರಳಿಗೆ ಮಿಷನ್ ಸಿಕ್ಕಿಸಿಕೊಂಡರು, ಕನ್ನಡಕ ಸರಿಮಾಡಿಕೊಂಡು ಓದಿದರು, ಎದುರು ಮನೆಗೆ ಕೇಳುವಂತೆ ಹೆಮ್ಮೆಯಿಂದ ಹೇಳಿದರು: "ಎಂಬತ್ತೆಂಟು. ಫಸ್ಟ್ ಕ್ಲಾಸ್."

ಪಕ್ಕದಲ್ಲೇ ನಿಂತಿದ್ದ ನಾನೂ ನಕ್ಕೆ. ಬಿ.ಎಸ್ಸಿ. ಓದಿದವಳು ನಾನು! ಅಪ್ಪನ ಬಾಯಲ್ಲಿ ಅಷ್ಟು ದೊಡ್ಡ ಅಂಕ ಕೇಳಿದ್ದು ಅದೇ ಮೊದಲು, ಅದರ ಸಂತೋಷದಲ್ಲಿದ್ದೆ.

ನರ್ಸಮ್ಮ ಒಗೆದ ಸೀರೆ ಹಿಂಡುತ್ತಿದ್ದವರು ಅದನ್ನು ಹಾಗೇ ಬಿಟ್ಟು, ಮಾಸ್ಕು ಏರಿಸಿಕೊಳ್ಳುತ್ತ ಬಂದರು. ಅಪ್ಪನ ಕೈ ಉಜ್ಜಿ, ಬೇರೆ ಬೆರಳಿಗೆ ಹಾಕಿ ನೋಡಿದರು. ಎಂಬತ್ತೇಳು. ತುಟಿ ನೀಲಿಗಟ್ಟಿದೆಯೇ ಎಂದು ನೋಡಿದರು. "ಲೇವಂಡಿ ಸಾರ್" ಎಂದು ತೋಳು ಹಿಡಿದರು. ತೆಲುಗು ಕೇಳಿದ್ದೇ ನನ್ನ ನಗು ನಿಂತಿತು. ಅಪ್ಪ ಏಳಲೊಲ್ಲರು. ತಮಗೆ ಆಯಾಸವೇ ಇಲ್ಲವೆಂದರು, ಜೀವಮಾನದಲ್ಲಿ ತಾವು ಯಾರಿಗೂ ಎಂಬತ್ತೆಂಟು ಕೊಟ್ಟಿಲ್ಲವೆಂದರು.

"ಸಾರ್, ಈ ಪರೀಕ್ಷೇಲಿ ತೊಂಬತ್ತೈದಕ್ಕೆ ಪಾಸು" ಎಂದರು ನರ್ಸಮ್ಮ. "ನೀವು ಫೇಲಾಗಿದೀರ. ನಡೀರಿ."

ಅಪ್ಪ ಕನ್ನಡಕ ತೆಗೆದಿಟ್ಟು ಎದ್ದರು. ಆಂಬುಲೆನ್ಸ್ ಬರುವವರೆಗೆ ನರ್ಸಮ್ಮ ಅವರನ್ನು ಬೋರಲು ಮಲಗಿಸಿ ಬೆನ್ನು ಸವರುತ್ತ ಕುಳಿತರು. ಆಸ್ಪತ್ರೆಯಲ್ಲಿ ತಮ್ಮ ಹಳೆಯ ಪರಿಚಯದವರನ್ನೆಲ್ಲ ಕಾಡಿ ಆಕ್ಸಿಜನ್ ಇರುವ ಹಾಸಿಗೆ ಕೊಡಿಸಿದರು. ಒಂದೆರಡು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹೊರಗೆ ನಿಂತಿದ್ದ ನನಗೆ ನರ್ಸಮ್ಮ, "ತಪ್ಪು ನಂದು ಕಣಮ್ಮ. ಎಷ್ಟಕ್ಕೆ ಪಾಸು ಅಂತ ಮೊದಲೇ ಹೇಳ್ಬೇಕಿತ್ತು" ಎಂದರು. ನಾನು ಸುಮ್ಮನಿದ್ದೆ.

ಆ ಮೌನ ನನ್ನನ್ನು ಎರಡು ವರ್ಷ ಕೊರೆಯಿತು. ಒಂದು ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ, ಅವತ್ತು ನಾನೂ ಪಕ್ಕದಲ್ಲಿ ನಗುತ್ತ ನಿಂತಿದ್ದೆ ಎಂದು ಒಪ್ಪಿಕೊಂಡೆ. ಅವರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೇಳಿದರು: "ಗೊತ್ತಮ್ಮ, ನೋಡಿದ್ದೆ. ಅವತ್ತೇ ತಪ್ಪನ್ನ ನಿನ್ನ ಮೇಲೆ ಹಾಕಿದ್ರೆ ನಿನಗೆ ಕೈಕಾಲೇ ಆಡ್ತಿರಲಿಲ್ಲ. ಅಪ್ಪನ್ನ ಯಾರು ನೋಡ್ಕೊಳ್ಳೋರು?"

ಕಳೆದ ಶ್ರಾವಣದಲ್ಲಿ ನರ್ಸಮ್ಮ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಯಾರಿಂದಲೂ ಒಂದು ದಿನವೂ ಸೇವೆ ಮಾಡಿಸಿಕೊಳ್ಳಲಿಲ್ಲ.

ಇದನ್ನು ಬರೆಯುತ್ತಿರುವಾಗ ಅಪ್ಪ ಒಳಗಿನಿಂದ ಪೇಪರಿನ ಕಾಗುಣಿತದ ತಪ್ಪುಗಳನ್ನು ಒಂದೊಂದಾಗಿ ಓದಿ, ಬರೆದವರನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದಾರೆ. ಆ ಉಸಿರು ನರ್ಸಮ್ಮನದು.