ಬೇವಿನ ಬುಡಕ್ಕೆ ಒಂದೇ ಸುತ್ತು

ಮರ ಕಡಿಯುವುದಕ್ಕೂ ಮರ ಸವರುವುದಕ್ಕೂ ಏನು ವ್ಯತ್ಯಾಸ ಎಂದು ಈಗಲೂ ಕೆಲವರು ಕೇಳುತ್ತಾರೆ. ಕಟುಕನಿಗೂ ವೈದ್ಯನಿಗೂ ಇರುವಷ್ಟು ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ಅಪ್ಪ ಬದುಕಿದ್ದಾಗ ಹೀಗೆ ಹೇಳುವ ಧೈರ್ಯ ಇರಲಿಲ್ಲ. ಅವನು ಕಡಿಯುವವನು. ಬೆಂಗೇರಿಯ ಕಟ್ಟಿಗೆ ಅಡ್ಡೆಯಲ್ಲಿ ಮೂವತ್ತು ವರ್ಷ ಕೊಡಲಿ ಬೀಸಿ, ಬಲ ಹೆಗಲು ಮೇಲೇಳದ ಹಾಗೆ ಮಾಡಿಕೊಂಡಿದ್ದ.

ನಾನಾದರೂ ಆ ಅಡ್ಡೆಗೆ ಹೋಗಬಾರದು ಎಂಬುದು ಅವನ ಹಟ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದವು. ಧಾರವಾಡದ ಹೊರಗಿನ ಸರಕಾರಿ ತೋಟದಲ್ಲಿ ಮರ ಸವರುವುದನ್ನು ಒಂದು ವರ್ಷ ಕಲಿಸುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ನನ್ನನ್ನು ಅಲ್ಲಿ ಬಿಟ್ಟು ಬಂದ. ನನಗೆ ಸಿಟ್ಟು ಬಂದಿತ್ತು. ಮರ ಹತ್ತುವುದನ್ನೂ ಕಲಿಯಬೇಕೇ ಎಂದು ಗೊಣಗುತ್ತಿದ್ದೆ.

ಕಲಿಯಬೇಕಿತ್ತು. ತೋಟದ ಹಿರಿಯ ಮಾಲಿ ಬಿಳಿ ಗಡ್ಡದ ಮುದುಕರು. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಟೊಂಗೆಯನ್ನು ಮೊದಲು ಕೆಳಗಿನಿಂದ ಅರ್ಧ ಕೊಯ್ದು ಆಮೇಲೆ ಮೇಲಿನಿಂದ ಕೊಯ್ಯಬೇಕು, ಇಲ್ಲದಿದ್ದರೆ ಅದು ಬೀಳುವಾಗ ಬುಡದ ತನಕ ತೊಗಟೆ ಸುಲಿಯುತ್ತದೆ. ಕೊಯ್ದ ಜಾಗಕ್ಕೆ ಡಾಂಬರು ಬಳಿಯಬೇಕು. ದೊಡ್ಡ ಟೊಂಗೆಯನ್ನು ಬೀಳಿಸಬಾರದು, ಹಗ್ಗ ಕಟ್ಟಿ ಇಳಿಸಬೇಕು. ಎಲ್ಲಾ ಅವರೇ ಕಲಿಸಿದ್ದು. ಆ ಹಗ್ಗವನ್ನು ಮೇಲಿನ ಕವಲಿನಲ್ಲಿ ಹಾಯಿಸಿ, ಮರದ ಬುಡಕ್ಕೆ ಸುತ್ತಿ ಕೆಳಗೊಬ್ಬ ಹಿಡಿದಿರಬೇಕು.

“ಮೂರು ಸುತ್ತು ಹಾಕೋ,” ಎನ್ನುತ್ತಿದ್ದರು ಚಾಚಾ. “ಹಗ್ಗಾ ಹಿಡಿದಂವಾ ಸೀನಿದ್ರೂ ಟೊಂಗಿ ಜಾರಬಾರದು.”

ಸರ್ಟಿಫಿಕೇಟು ಕೊಟ್ಟರು. ಓದಲು ಬಾರದ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಜಗಲಿಯ ಮೇಲೆ ಇಟ್ಟ. ಅಲ್ಲೇ ಅದು ಆರು ತಿಂಗಳು ಕುಂಕುಮ ಹಚ್ಚಿಸಿಕೊಂಡು ಬಿದ್ದಿತ್ತು. ಮಾಳಮಡ್ಡಿಯ ಮನೆಮನೆ ತಿರುಗಿದೆ. ಮಾವಿನ ಮರಕ್ಕೆ ಹುಳ ಬಿದ್ದಿದ್ದರೂ, “ಅದರ ಪಾಡಿಗೆ ಅದು ಇರಲಿ ಬಿಡ್ರಿ,” ಎಂದು ಕಳಿಸುತ್ತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಮನೆಗೆ ಹೋಗಿ ಅಪ್ಪನ ಮುಖ ನೋಡುವುದೇ ಬೇಡವಾಗುತ್ತಿತ್ತು.

ಕಡೆಗೆ ಮುನಿಸಿಪಾಲಿಟಿಯವರಿಗೆ ರಸ್ತೆಯ ಮರ ಸವರಲು ಒಬ್ಬ ಮೇಸ್ತ್ರಿ ಬೇಕು ಎಂದು ಹುಬ್ಬಳ್ಳಿಯಲ್ಲಿ ಸುದ್ದಿಯಾಯಿತು. ಓವರ್‌ಸಿಯರ್ ಸಾಹೇಬರು ನನ್ನ ಸರ್ಟಿಫಿಕೇಟು ಓದಿ, ಕೇಶ್ವಾಪುರದ ದಾರಿಯಲ್ಲಿದ್ದ ಒಂದು ಬೇವಿನ ಮರ ತೋರಿಸಿದರು. ಅದರ ದಪ್ಪ ಟೊಂಗೆಯೊಂದು ಹಂಚಿನ ಮನೆಯ ಮೇಲೆ ಚಾಚಿತ್ತು. ನಾಳೆ ಹತ್ತಕ್ಕೆ ಬರುತ್ತೇನೆ, ಒಂದು ಹಂಚೂ ಒಡೆಯದ ಹಾಗೆ ಇಳಿಸಿ ತೋರಿಸು ಎಂದರು. ಇದೂ ತಪ್ಪಿದರೆ ನನಗೆ ಅಡ್ಡೆಯೇ ಗತಿ.

ತೋಟದಲ್ಲಿ ನನ್ನ ಜೊತೆ ಕಲಿತವನೊಬ್ಬ ಹಗ್ಗ ಹಿಡಿಯಲು ಒಪ್ಪಿದ್ದ. ಅವನು ಜ್ವರ ಬಂದು ಮಲಗಿದ. ಅಪ್ಪನನ್ನು ಕೇಳಿದೆ.

“ನಾ ಕಡ್ಯಾಂವ. ಇಳಸಾಂವ ಅಲ್ಲೋ,” ಎಂದ.

“ಹಗ್ಗಾ ಹಿಡಕೊಂಡು ನಿಂತ್ರ ಸಾಕಪ್ಪಾ. ನಾ ಹೇಳೂತನಕಾ ಬಿಡಬ್ಯಾಡ.”

“ಅದಕ್ಕೇನಾಗೂದೈತಿ, ಹಿಡಿತೇನಿ.”

ಹತ್ತು ಗಂಟೆಯ ಹೊತ್ತಿಗೆ ಟೊಂಗೆ ಅರ್ಧ ಇಳಿದಿರಬೇಕು, ಸಾಹೇಬರು ನೋಡಿ ದಂಗಾಗಬೇಕು ಎಂಬ ಹುಚ್ಚು ನನ್ನದು. ಬೇಗ ಇಳಿಯಲಿ ಎಂದು ಬುಡಕ್ಕೆ ಹಗ್ಗ ಒಂದೇ ಸುತ್ತು ಹಾಕಿ, ತುದಿಯನ್ನು ಅಪ್ಪನ ಕೈಗೆ ಕೊಟ್ಟು ಮೇಲೆ ಹತ್ತಿದೆ. ಹಿಡಿದವನು ಅಪ್ಪ, ಮೂರು ಯಾಕೆ ಬೇಕು ಅಂದುಕೊಂಡೆ. ಕೆಳಗಿನಿಂದ ಕೊಯ್ದೆ, ಮೇಲಿನಿಂದ ಕೊಯ್ದೆ. ಟೊಂಗೆ ಕಳಚಿ ಹಗ್ಗದಲ್ಲಿ ತೂಗಿತು. ಅಪ್ಪ ಹಿಂದಕ್ಕೆ ವಾಲಿ ಹಿಡಿದು ನಿಂತಿದ್ದ. ಎಲ್ಲ ಸರಿಯಾಗಿತ್ತು.

ಆಗ ಸಾಹೇಬರ ಸೈಕಲ್ಲು ಬಂತು. ಅಪ್ಪ ಅವರ ತಲೆಯ ಮೇಲಿನ ಸರಕಾರಿ ಟೋಪಿ ನೋಡಿದ. ಹುಟ್ಟಿದಾಗಿನಿಂದ ಟೋಪಿ ಕಂಡಾಗಲೆಲ್ಲ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ: ಹಗ್ಗ ಬಿಟ್ಟು, ಎರಡೂ ಕೈ ಜೋಡಿಸಿ, ಬಗ್ಗಿ ನಮಸ್ಕಾರ ಮಾಡಿದ.

ಹಗ್ಗ ಸರ್ರನೆ ಓಡಿತು. ಅಪ್ಪ ಥಟ್ಟನೆ ಮತ್ತೆ ಹಿಡಿದ, ಆದರೆ ಓಡುವ ಹಗ್ಗ ನಿಲ್ಲುತ್ತದೆಯೇ, ಅಂಗೈ ಸುಲಿದುಕೊಂಡು ಹೋಯಿತು. ಟೊಂಗೆ ಮಾಡಿನ ಅಂಚಿಗೆ ಬಡಿದು ಹತ್ತಾರು ಹಂಚು ಒಡೆಯಿತು. ಒಳಗಿದ್ದ ಹೆಂಗಸರು ಚೀರುತ್ತ ಹೊರಗೆ ಬಂದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸಾಹೇಬರು ತಲೆಯೆತ್ತಿ ನನ್ನನ್ನು ಕೇಳಿದರು, “ಯಾರೋ ಇಂವಾ?”

ನಾನು ಮರದ ಮೇಲಿದ್ದೆ. ತಪ್ಪು ನನ್ನದು, ಒಂದೇ ಸುತ್ತು ಹಾಕಿದ್ದೆ, ಅವರು ನನ್ನ ಅಪ್ಪ ಎನ್ನಬಹುದಿತ್ತು. ಎನ್ನಲಿಲ್ಲ.

“ಕೂಲಿಯಂವ್ರೀ ಸಾಹೇಬ್ರ,” ಎಂದೆ. “ಅಡ್ಡ್ಯಾಗ ಸಿಕ್ಕಾ, ಕರಕೊಂಡು ಬಂದೆ.”

ಅಪ್ಪ ನನ್ನತ್ತ ನೋಡಲೂ ಇಲ್ಲ. ಕೈ ಮತ್ತೆ ಜೋಡಿಸಿದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. “ಹೌದ್ರಿ, ಕೂಲಿಯಂವ್ರಿ ನಾ. ಮೇಸ್ತ್ರಿದು ಏನೂ ತಪ್ಪಿಲ್ರಿ. ನಾನ ಕೈ ಬಿಟ್ಟೇನ್ರಿ.”

ಸಾಹೇಬರು ಮರದ ಸುತ್ತ ಒಂದು ಸಲ ಬಂದು ಕೊಯ್ದ ಜಾಗ ನೋಡಿದರು. ತೊಗಟೆ ಎಳ್ಳಷ್ಟೂ ಸುಲಿದಿರಲಿಲ್ಲ. “ಕೆಲಸ ಛಲೋ ಮಾಡೀದಿ. ಸೋಮವಾರ ಬಾ. ಇಂಥಾ ಕೂಲಿಯಂವನ್ನ ಮಾತ್ರ ಮುಂದ ತರಬ್ಯಾಡ,” ಎಂದರು. ಅವರು ನೋಡುತ್ತ ನಿಂತಿದ್ದರು ಎಂದು ನಾನು ಇಳಿಯಲಿಲ್ಲ. ಡಾಂಬರಿನ ಡಬ್ಬಿ ತೆಗೆದು ಬೇವಿನ ಗಾಯಕ್ಕೆ ಎರಡು ಸಲ ಬಳಿದೆ. ಕೆಳಗೆ ಅಪ್ಪ ಒಡೆದ ಹಂಚು ಆರಿಸುತ್ತಿದ್ದ.

ಸೈಕಲ್ಲು ಮರೆಯಾದ ಮೇಲೆ ಇಳಿದು ನನ್ನ ಪಂಚೆಯ ಅಂಚು ಹರಿದು ಅವನ ಅಂಗೈಗೆ ಕಟ್ಟಿದೆ. ಒಂದೇ ಸುತ್ತು ಹಾಕಿದ್ದನ್ನು ಹೇಳಬೇಕೆಂದಿದ್ದೆ, ಗಂಟು ಬಿಗಿದು ಎದ್ದುಬಿಟ್ಟೆ. ಆಮೇಲೆ ಅವನು ಬದುಕಿದ್ದಷ್ಟು ದಿನವೂ ಹೇಳಲಿಲ್ಲ. ತನ್ನ ಕೈಯಿಂದಲೇ ಕೆಟ್ಟಿತು ಎಂದು ತಿಳಿದೇ ಸತ್ತ.

ಬೆಂಗೇರಿಯ ದಾರಿ ಹಿಡಿದೆವು. ಅಪ್ಪ ಹಗ್ಗದ ಸಿಂಬಿಯನ್ನು ಎಡ ಹೆಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ನಾನು ನಿಂತರೆ ಅವನೂ ನಿಲ್ಲುತ್ತಿದ್ದ.

“ಹಗ್ಗಾ ಕೊಡಪ್ಪಾ, ನಾ ಹೊರತೇನಿ,” ಎಂದೆ.

“ಬ್ಯಾಡ, ಸಾಹೇಬ್ರ ಪೈಕಿ ಯಾರರ ನೋಡ್ಯಾರು,” ಎಂದ ಅಪ್ಪ. “ನೀ ಮುಂದ ನಡಿ.”

ನಾನು ಮುಂದೆ ನಡೆದೆ.