ತೊಡೆಯಿಂದ ಬಂದ ತೆಂಗಿನ ನಾರು

ಹಬ್ಬದ ದಿನವೂ ರಜೆಯಿಲ್ಲದೆ ದುಡಿಯುವವರನ್ನು ವೇದಿಕೆಯ ಮೇಲೆ ಯಾರಾದರೂ ಹೊಗಳಿದಾಗ ನನಗೆ ಹೂಮಾಲೆಗಳು ನೆನಪಾಗುವುದಿಲ್ಲ, ರಕ್ತ ನೆನಪಾಗುತ್ತದೆ.

ಅರವತ್ತರ ದಶಕದ ನಡುವಿನ ವರ್ಷಗಳು. ಹೊಸನಗರ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನನ್ನ ಅಕ್ಕ ಹೆತ್ತು ಮಲಗಿದ್ದಳು. ಆಗಷ್ಟೇ ಶಾಲಾ ಶಿಕ್ಷಕಿಯಾಗಿದ್ದ ನಾನು ಅವಳ ಆರೈಕೆಗೆ ನಿಂತಿದ್ದೆ. ಅಂದು ಯುಗಾದಿಯ ಮರುದಿನ. ಆ ಕಡೆ ಅದು ಬೇಟೆಯ ದಿನ. ಡಾಕ್ಟರು ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಅವರ ಬದಲಿಗೆ ಮೇಲಿನವರು ಯಾರನ್ನೂ ಕಳಿಸಿರಲಿಲ್ಲ. ಅದನ್ನು ಅನನುಕೂಲವೆಂದು ಕರೆಯಲು ನಾನು ಒಪ್ಪೆ, ಅದು ಅಪರಾಧ. ಉಳಿದವರು ವಯಸ್ಸಾದ ಕಾಂಪೌಂಡರ್ ಮತ್ತು ನರ್ಸಮ್ಮ. ನರ್ಸಮ್ಮನ ಮಗಳು ಮೇಳಿಗೆ ಊರಿನ ಅಜ್ಜಿಮನೆಯಲ್ಲಿ ಅಮ್ಮನಿಲ್ಲದೆ ಬೇವು-ಬೆಲ್ಲ ತಿಂದಿದ್ದಳು. ವಿಧವೆಯಾದ ನರ್ಸಮ್ಮನ ಬಗ್ಗೆ ಊರು ಆಡಬಾರದ್ದನ್ನೆಲ್ಲ ಆಡುತ್ತಿತ್ತು. ಹೆರಿಗೆ ನೋವು ಬಂದಾಗ ಮಾತ್ರ ‘ತಾಯೀ’ ಎನ್ನುತ್ತಿತ್ತು.

ಮಧ್ಯಾಹ್ನ ಒಬ್ಬ ಜಮೀನ್ದಾರರ ಜೀಪು ಬಂತು. ಅವರ ಹೆಗಲಲ್ಲಿ ಕೋವಿ. ಇಬ್ಬರು ಆಳುಗಳು ಅವರ ಒಕ್ಕಲೊಬ್ಬನನ್ನು ಎತ್ತಿ ತಂದು ಮೇಜಿನ ಮೇಲೆ ಹಾಕಿದರು. ಬೇಟೆಯಲ್ಲಿ ಪೊದೆ ನುಗ್ಗಿ ಪ್ರಾಣಿ ಎಬ್ಬಿಸುವ ಕೆಲಸ ಅವನದು. ತೊಡೆ ಉದ್ದಕ್ಕೆ ಸೀಳಿತ್ತು. ರಕ್ತ ಮೇಜಿನಿಂದ ನೆಲಕ್ಕೆ ಇಳಿಯುತ್ತಿತ್ತು.

“ಹಂದಿ ತಿವಿದದ್ದು ಮಾರಾಯ್ತಿ. ಬೇಗ ಹೊಲಿದು ಬಿಡು, ಮನೆಗೆ ಕರ್ಕಂಡು ಹೋಗ್ತೀವಿ,” ಎಂದರು ಜಮೀನ್ದಾರರು.

“ಹೌದು ನರ್ಸಮ್ಮ, ಹಂದಿನೇ,” ಎಂದ ಗಾಯಾಳು. ಅವನ ಕಣ್ಣು ಒಡೆಯರ ಮುಖದ ಮೇಲೇ ಇತ್ತು.

ನರ್ಸಮ್ಮ ಗಾಯ ತೊಳೆದರು. ಚಿಮಟ ಒಳಗಿಳಿಸಿ ಏನನ್ನೋ ಎಳೆದರು. ರಕ್ತದಲ್ಲಿ ನೆನೆದ ಒಂದು ಎಳೆ ತೆಂಗಿನ ನಾರು. ನಾಡಕೋವಿಗೆ ಮದ್ದನ್ನೂ ಚರೆಯೆಂಬ ಸೀಸದ ಸಣ್ಣ ಗುಂಡುಗಳನ್ನೂ ತುಂಬಿ, ಮೇಲೆ ತುರುಕುವುದು ಆ ನಾರನ್ನೇ.

“ಒಡೇರೆ, ನಿಮ್ಮ ಕಾಡಲ್ಲಿ ಹಂದಿ ತೆಂಗಿನಕಾಯಿ ಸುಲೀತಾವಾ?” ಎಂದರು ಅವರು. “ಒಳಗೆ ಚರೆ ಅದೆ, ಇನ್ನೂ ನಾರು ಅದೆ. ಹಿಂಗೇ ಹೊಲಿದ್ರೆ ಕಾಲು ಕೊಳೆತು ಇವ ಸಾಯ್ತಾನೆ. ಕೊಯ್ದು ತೆಗೀಬೇಕು.”

ಜಮೀನ್ದಾರರು ಕೈ ಬೀಸಿದರು. ನರ್ಸಮ್ಮನ ತುಟಿ ಒಡೆಯಿತು. ತಡೆಯಲು ಬಂದ ಕಾಂಪೌಂಡರನ ಎದೆಗೆ ಕೋವಿಯ ಹಿಂಬದಿ ಬಿತ್ತು. ಬಾಟಲಿಗಳ ಕಪಾಟು ಉರುಳಿ, ಆತ ಗಾಜಿನ ಚೂರುಗಳ ಮೇಲೆ ಬಿದ್ದ. ಪಕ್ಕದ ಕೋಣೆಯಲ್ಲಿ ಅಕ್ಕನ ಕೂಸು ಚೀರಿತು.

“ಹೊಡೆದಾಯ್ತಲ್ಲ?” ಸೆರಗಿನಿಂದ ಬಾಯಿ ಒರೆಸಿಕೊಂಡು ನರ್ಸಮ್ಮ ಹೇಳಿದರು. “ಈಗ ಇವನ ಕಾಲು ಹಿಡೀರಿ.”

“ಹಂದಿ ಅಂತ ಅವನೇ ಹೇಳ್ತಿದಾನಲ್ಲ! ಕೇಳು ಬೇಕಾರೆ!” ಎಂದು ಜಮೀನ್ದಾರರು ಗದರಿದರು.

ಆಗ ಬಾಗಿಲಲ್ಲಿ ಗಾಯಾಳುವಿನ ಹೆಂಡತಿ ಕಾಣಿಸಿದಳು. ಬೇಟೆಯವರಿಗೆ ಊಟ ಹೊತ್ತು ಹೋಗಿದ್ದವಳು. ಜೀಪಿಗೆ ಹತ್ತಿಸಿಕೊಳ್ಳದ ಕಾರಣ ಓಡಿಕೊಂಡೇ ಬಂದಿದ್ದಳು.

“ಹಂದಿ ಅಲ್ಲ, ಈಡು! ಇವ್ರ ಕೋವಿ ಈಡು!” ಎಂದು ಕೂಗಿದಳು. “ತೂತು ಕಾಣ್ಬಾರ್ದು ಅಂತ ಕತ್ತಿ ಹಾಕಿ ಸೀಳಿದ್ರು ನರ್ಸಮ್ಮ, ಜೀವ ಇದ್ದಂಗೇ ಸೀಳಿದ್ರು! ನಮ್ಮ ಗುಡ್ಲು ಕೀಳ್ತಾರಾ, ಕೀಳ್ಲಿ. ಇವನ್ನ ಬದುಕ್ಸಿ.”

ಒಂದು ಸುಳ್ಳಿಗೆ ಸಾಕ್ಷಿ ಸೃಷ್ಟಿಸಲು ಮನುಷ್ಯನ ಮಾಂಸವನ್ನು ಕೊಯ್ದಿದ್ದರು. ಕೊಯ್ಯಿಸಿಕೊಂಡವನೇ ಆ ಸುಳ್ಳನ್ನು ಕಾಪಾಡುತ್ತಿದ್ದ. ಅವನ ಗುಡಿಸಲು ನಿಂತಿದ್ದ ನೆಲ, ಉಳುತ್ತಿದ್ದ ಗದ್ದೆ ಎರಡೂ ಆ ಜಮೀನ್ದಾರರವು. ಗೇಣಿಯ ಗುಲಾಮಗಿರಿ ಎಂದರೇನೆಂದು ನಾನು ಭಾಷಣಗಳಲ್ಲಿ ಕೇಳಿದ್ದೆ, ಅಂದು ಆ ಮೇಜಿನ ಮೇಲೆ ಕಂಡೆ.

ಸುಳ್ಳು ಬಯಲಾದದ್ದೇ ಜಮೀನ್ದಾರರು ಆಳುಗಳೊಂದಿಗೆ ಜೀಪು ಹತ್ತಿ ಹೊರಟುಹೋದರು. ಶಿವಮೊಗ್ಗಕ್ಕೆ ಒಯ್ಯಲು ಇದ್ದ ಒಂದೇ ವಾಹನ ಅದು. ಮೂರ್ಛೆ ಬರಿಸುವ ಔಷಧಿ ಡಾಕ್ಟರರು ಬೀಗ ಹಾಕಿಟ್ಟ ಪೆಟ್ಟಿಗೆಯೊಳಗಿತ್ತು. ನರ್ಸಮ್ಮ ಅವನ ಹಲ್ಲುಗಳ ನಡುವೆ ಬಟ್ಟೆ ತುರುಕಿದರು. ಹೆಂಡತಿ ಭುಜಗಳನ್ನು ಒತ್ತಿ ಹಿಡಿದಳು, ನಾನು ಕಾಲಿನ ಮೇಲೆ ಮೈಭಾರ ಹಾಕಿದೆ, ಕಾಂಪೌಂಡರ್ ಗಾಜು ಚುಚ್ಚಿದ ಅಂಗೈಯಲ್ಲೇ ತಟ್ಟೆ ಹಿಡಿದ. ಅವನ ಅರಚಾಟ ಬಟ್ಟೆಯನ್ನು ಹರಿದು ಹೊರಬರುತ್ತಿತ್ತು. ತಟ್ಟೆಗೆ ಚರೆಗಳು ಒಂದೊಂದಾಗಿ ಬಿದ್ದವು, ಆಮೇಲೆ ನಾರು, ಆಮೇಲೆ ಕಪ್ಪಾದ ಮಾಂಸ. ನರ್ಸಮ್ಮನ ಗಲ್ಲದಿಂದ ರಕ್ತ ಇಳಿಯುತ್ತಲೇ ಇತ್ತು. ಅದನ್ನು ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

ಆಮೇಲೆ ಬಂದ ಪೊಲೀಸರು ಹಂದಿಯೆಂದೇ ಬರೆದುಕೊಂಡರು. ಡಾಕ್ಟರು ಹಿಂತಿರುಗಿ, ಅಪ್ಪಣೆಯಿಲ್ಲದೆ ಕೊಯ್ದದ್ದಕ್ಕೆ ನರ್ಸಮ್ಮನಿಂದ ಸಮಜಾಯಿಷಿ ಕೇಳಿದರು. ಹೊಡೆದವರನ್ನು ಯಾರೂ ಏನೂ ಕೇಳಲಿಲ್ಲ.

ಜ್ವರ ಇಳಿದ ದಿನ ಅವನು ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಗುಡ್ಲು?”

“ಕಿತ್ತು ಹಾಕಿದ್ರು,” ಎಂದಳು ಹೆಂಡತಿ.

“ಬಾಯಿ ಮುಚ್ಕಂಡಿರೂಕೆ ಎಂಥ ಆಗಿತ್ತೆ ನಿಂಗೆ?”

“ಗುಡ್ಲು ಇಟ್ಕಂಡು ಎಂಥ ಮಾಡ್ಬೇಕಿತ್ತು? ಒಳಗೆ ಕೂತು ನಿನ್ನ ತಿಥಿ ಮಾಡ್ಬೇಕಿತ್ತಾ?”

ಅವನಿಗೆ ನಗು ಬಂತು, ಜೊತೆಗೇ ನೋವಿನ ನರಳಾಟ.

“ನಗಿಸ್ಬೇಡ ಮಾರಾಯ್ತಿ, ಕಟ್ಟು ಸಡ್ಲ ಆಗ್ತದೆ,” ಎನ್ನುತ್ತ ನರ್ಸಮ್ಮ ಅವನ ಕಾಲ ಬಳಿ ಕೂತು ಬಟ್ಟೆ ಬಿಚ್ಚತೊಡಗಿದರು.